ಕ್ರೋನೋ ತೋರಿಸಿದ 188 ನಿಜವಾ? ಪರೀಕ್ಷೆ ಮಾಡಿದ ನನ್ನ ಅನುಭವ

ಬಂದೂಕು ಕೆಟ್ಟಿಲ್ಲ, ಕ್ರೋನೋ (ಗುಂಡು ಎರಡು ಸೆನ್ಸರ್ ದಾಟುವ ಸಮಯದಿಂದ ಅದರ ವೇಗ ಹೇಳುವ ಯಂತ್ರ) ತಪ್ಪು ತೋರಿಸ್ತಿದೆ ಅಂತ ನಾನು ಹೇಳಿದಾಗ ಜೊತೆಯ ಶೂಟರ್‌ಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ನನ್ನ 10 ಮೀಟರ್ ಏರ್ ರೈಫಲ್ ಮೊದಲಿನಿಂದಲೂ ಸೆಕೆಂಡಿಗೆ 170-175 ಮೀಟರ್ ಹೊಡೆಯುವ ಗನ್. ಬ್ಯಾಟರಿ ಬದಲಿಸಿ ಮತ್ತೆ ಜೋಡಿಸಿದ ಕ್ರೋನೋ ಇದ್ದಕ್ಕಿದ್ದಂತೆ 188 ತೋರಿಸತೊಡಗಿತು. ‘ರೆಗ್ಯುಲೇಟರ್ ಹೋಗಿದೆ, ಬಿಚ್ಚಿಸು’ ಅಂದರು ಎಲ್ಲರೂ. ಗನ್ನಿನೊಳಗೆ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ ಅದು. ರಿಪೇರಿಯವರು ಕೇಳಿದ್ದು ಹೆಚ್ಚು ಕಡಿಮೆ 18 ಸಾವಿರ. ಕ್ರೋನೋ ಬೆಲೆಯೇ ಆರೂವರೆ ಸಾವಿರದ ಹತ್ತಿರ. ಅದರ ಮಾತು ನಂಬಿ ಅಷ್ಟು ದುಡ್ಡು ಸುರಿಯೋಕೆ ನನಗೆ ಮನಸ್ಸಾಗಲಿಲ್ಲ.

ನನ್ನ ಅನುಮಾನಕ್ಕೆ ಕಾರಣ ಟಾರ್ಗೆಟ್. 174ಕ್ಕೆ ಹೊಡೆದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) 10 ಮೀಟರ್‌ನಲ್ಲಿ ಸುಮಾರು 18 ಮಿಲಿಮೀಟರ್ ಕೆಳಗಿಳಿಯುತ್ತದೆ. 188 ಆಗಿದ್ದರೆ ಹದಿನೈದೂವರೆ. ಅಂದರೆ ಟಾರ್ಗೆಟ್ ಮೇಲಿನ ಏಟುಗಳ ಗುಂಪು ಪೂರ್ತಿ ಒಂದು ರಿಂಗ್ ಮೇಲೆ ಹೋಗಬೇಕಿತ್ತು, ರೈಫಲ್ ಟಾರ್ಗೆಟ್‌ನಲ್ಲಿ ರಿಂಗ್ ಅಂತರವೇ ಎರಡೂವರೆ ಮಿಲಿಮೀಟರ್ ಅಲ್ವಾ? ಗುರಿ ಹೊಂದಿಸುವ ಸೈಟಿನ ಒಂದು ಕ್ಲಿಕ್ಕೂ ನಾನು ಮುಟ್ಟಿರಲಿಲ್ಲ. ಗುಂಪು ಇದ್ದಲ್ಲೇ ಇತ್ತು.

ಮೊದಲು ಇನ್ನೊಂದು ಕ್ರೋನೋ ಸಾಲ ತಂದು ಎರಡನ್ನೂ ಸಾಲಾಗಿ ಇಟ್ಟೆ. ಅದು ಒಂದು ಸಲ 169, ಇನ್ನೊಂದು ಸಲ 196, ಮತ್ತೊಮ್ಮೆ ಎರರ್. ಅದರ ತೊಂದರೆ ಬೇರೆಯೇ ಇತ್ತು. ಮೇಲಿದ್ದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ನೆರಳು ನೋಡಿ ಲೆಕ್ಕ ಹಾಕುವ ಸೆನ್ಸರ್ ಅದಕ್ಕೆ ಮೋಸ ಹೋಗುತ್ತದೆ. ಬ್ಯಾಟರಿ ಎಲ್‌ಇಡಿ ಇಟ್ಟ ಮೇಲೆ ಅದು ಸುಧಾರಿಸಿ 173ರ ಆಸುಪಾಸಿಗೆ ಬಂತು. ಆದರೆ ಎರಡು ಯಂತ್ರ ಎರಡು ಮಾತು ಹೇಳಿದರೆ ಯಾವುದನ್ನು ನಂಬೋದು?

ಆಮೇಲೆ ಮಹಡಿಯಿಂದ ಸ್ಟೀಲ್ ಗೋಲಿ ಬೀಳಿಸುವ ಪ್ರಯೋಗ. ಐದು ಮೀಟರ್ ಬಿದ್ದರೆ ವೇಗ ಸೆಕೆಂಡಿಗೆ 10 ಮೀಟರ್ ಹತ್ತಿರ ಬರಬೇಕು, ಲೆಕ್ಕ ಸುಲಭ. ಗೋಲಿ ಕ್ರೋನೋದ ಕಿಂಡಿಯೊಳಗೆ ಬೀಳೋದೇ ಅಪರೂಪ, ಬಿದ್ದಾಗ ಕ್ರೋನೋ ಅಷ್ಟು ಕಡಿಮೆ ವೇಗವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಕೈ ಹಿಡಿದದ್ದು ಶಬ್ದ. ಗನ್ನಿನ ಸದ್ದು ಮತ್ತು ಪೆಲೆಟ್ ತಗಡಿಗೆ ಬಡಿದ ಸದ್ದು, ಇವೆರಡರ ನಡುವಿನ ಸಮಯ ಅಳೆಯೋದು. ಹೊಸ ವಿಷಯವೇನಲ್ಲ. ಆದರೆ ಎಲ್ಲರೂ ಫೋನನ್ನು ಗನ್ ಪಕ್ಕ ಇಟ್ಟು, ಶಬ್ದ ವಾಪಸ್ ಬರುವ ಸಮಯ ಕಳೆದು, ಉಷ್ಣಾಂಶ ನೋಡಿ ತಿದ್ದುಪಡಿ ಮಾಡಿ ಒದ್ದಾಡುತ್ತಾರೆ. ನಾನು ಮೈಕನ್ನು ಗನ್ನಿನ ಮೂತಿಗೂ ತಗಡಿಗೂ ಸರಿಯಾಗಿ ನಡುವೆ ಇಟ್ಟೆ. ಎರಡೂ ಸದ್ದು ಅಷ್ಟೇ ದೂರ ಬರಬೇಕು, ಹಾಗಾಗಿ ಶಬ್ದದ ವೇಗ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಉಳಿಯೋದು ಪೆಲೆಟ್ ಹಾರಿದ ಸಮಯ ಮಾತ್ರ. ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ, ಹೇಳಿಕೊಳ್ಳೋಕೆ ಹೆಮ್ಮೆಯೇ.

ಶುರುವಿನಲ್ಲಿ ಇದೂ ಕೈಕೊಟ್ಟಿತು. ಫೋನಿನ ಮೈಕ್ ತಾನಾಗಿಯೇ ಸದ್ದು ಏರಿಸಿ ಇಳಿಸಿ ಅಲೆಯನ್ನು ಹಾಳು ಮಾಡುತ್ತಿತ್ತು. ಓಣಿಯ ಗೋಡೆಗಳ ಪ್ರತಿಧ್ವನಿ ಬೇರೆ. ಎಂಟುನೂರು ರೂಪಾಯಿಯ ಕಾಲರ್ ಮೈಕ್ ತಂದೆ, ಗೋಡೆಗೆ ಹಳೆ ಕಂಬಳಿ ಕಟ್ಟಿದೆ, ಸೆಕೆಂಡಿಗೆ 48,000 ಸ್ಯಾಂಪಲ್‌ನಲ್ಲಿ ರೆಕಾರ್ಡ್ ಮಾಡಿ ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರ್‌ನಲ್ಲಿ ತೆರೆದೆ. ತಗಡಿನ ಸದ್ದು ಗೋಡೆ ಎದ್ದಂತೆ ನೇರ ಏಳುತ್ತದೆ. ಗನ್ನಿನ ಸದ್ದು ಹಾಗಲ್ಲ. ಟ್ರಿಗರ್, ವಾಲ್ವ್ ಸದ್ದು ಮೊದಲು ಸಣ್ಣಗೆ ಬಂದು, ಪೆಲೆಟ್ ಮೂತಿ ಬಿಟ್ಟಾಗ ದೊಡ್ಡದು ಬರುತ್ತದೆ. ಆ ದೊಡ್ಡದರ ಮೊದಲ ಅಂಚನ್ನು ಖಚಿತವಾಗಿ ಹಿಡಿಯೋಕೆ ಮೂತಿಯ ಹತ್ತಿರ ಒಂದು ಚಿಕ್ಕ ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

10 ಮೀಟರ್‌ಗೆ ಸಿಕ್ಕಿದ್ದು ಅರವತ್ತೂವರೆ ಮಿಲಿಸೆಕೆಂಡ್ ಚಿಲ್ಲರೆ, ಅಂದರೆ ಸರಾಸರಿ 165. ‘ನೋಡು, ಮೊಬೈಲ್ ಲೆಕ್ಕ ಕಡಿಮೆ ಬಂತು’ ಅಂದರು. ಗಾಳಿ ತಡೆ ಇದೆಯಲ್ಲ! ಚಪ್ಪಟೆ ಮೂತಿಯ ಮ್ಯಾಚ್ ಪೆಲೆಟ್ 10 ಮೀಟರ್‌ನಲ್ಲಿ ನೂರಕ್ಕೆ ಹತ್ತರಷ್ಟು ವೇಗ ಕಳೆದುಕೊಳ್ಳುತ್ತದೆ. ಅದಕ್ಕೇ ತಗಡನ್ನು 6 ಮೀಟರ್‌ಗೆ, ಆಮೇಲೆ 3 ಮೀಟರ್‌ಗೆ ತಂದೆ, ಪ್ರತಿ ಸಲ ಮೈಕನ್ನೂ ನಡುವಿಗೆ ಸರಿಸಿದೆ. 168 ಮತ್ತು 171 ಬಂತು. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಸೊನ್ನೆ ದೂರಕ್ಕೆ ಹಿಗ್ಗಿಸಿದರೆ 174. ಹತ್ತಿರದಿಂದ ತಗಡಿಗೆ ಹೊಡೆದರೆ ಚೂರು ವಾಪಸ್ ಬರುತ್ತದೆ, ಕನ್ನಡಕ ಹಾಕದೆ ಯಾರೂ ನಿಲ್ಲಬೇಡಿ.

ಆದರೂ ನಂಬದವರಿಗಾಗಿ ಲೋಲಕ ಕಟ್ಟಿದೆ. ಬಡಿದ ಗುಂಡು ಅದನ್ನು ಎಷ್ಟು ದೂರ ತಳ್ಳುತ್ತದೆ ಅನ್ನೋದರಿಂದ ವೇಗ ಗೊತ್ತಾಗುತ್ತದೆ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಗುಂಡಿನ ವೇಗ ಅಳೆಯುವುದನ್ನು ಪ್ರಕಟಿಸಿದ್ದು ಇದೇ ದಾರಿಯಲ್ಲಿ. ಡಬ್ಬದಲ್ಲಿ ಜೇಡಿಮಣ್ಣು ತುಂಬಿ ಒಟ್ಟು 400 ಗ್ರಾಂ ಮಾಡಿ, ಒಂದೂವರೆ ಮೀಟರ್ ದಾರದಲ್ಲಿ ತೂಗುಹಾಕಿ, 3 ಮೀಟರ್‌ನಿಂದ ಹೊಡೆದೆ. ಪೆಲೆಟ್ ತೂಕ 0.53 ಗ್ರಾಂ. ಮೂತಿಯ ಗಾಳಿ ಡಬ್ಬ ತಳ್ಳದಂತೆ ನಡುವೆ ತೂತಿನ ರಟ್ಟು. ಪಕ್ಕದಲ್ಲಿ ಸ್ಕೇಲ್ ಇಟ್ಟು ಸ್ಲೋ ಮೋಷನ್ ವಿಡಿಯೋ. ಕ್ರೋನೋ ಸರಿ ಇದ್ದರೆ ಡಬ್ಬ ಒಂಬತ್ತೂವರೆ ಸೆಂಟಿಮೀಟರ್ ಹತ್ತಿರ ಸರಿಯಬೇಕು, ನನ್ನ ಲೆಕ್ಕ ಸರಿ ಇದ್ದರೆ ಎಂಟೂ ಮುಕ್ಕಾಲು. ಹೊಡೆದಷ್ಟು ಸಲವೂ ಎಂಟೂ ಮುಕ್ಕಾಲರ ಆಚೀಚೆ ಒಂದೆರಡು ಮಿಲಿಮೀಟರ್. ಎಲ್ಲರೂ ಬಗ್ಗಿ ಬಗ್ಗಿ ಸ್ಕೇಲ್ ನೋಡಿದರು. ಆಮೇಲೆ ಯಾರೂ ರೆಗ್ಯುಲೇಟರ್ ಮಾತೆತ್ತಲಿಲ್ಲ.

ಹಾಗಾದರೆ ಕ್ರೋನೋದಲ್ಲಿ ತಪ್ಪೆಲ್ಲಿ? ಆರ್ಡುಯಿನೋ ಅನ್ನೋ ಪುಟ್ಟ ಪ್ರೋಗ್ರಾಂ ಬೋರ್ಡಿನಿಂದ ಎರಡು ಇನ್‌ಫ್ರಾರೆಡ್ ಎಲ್‌ಇಡಿ ನಡೆಸಿ, 400 ಮೈಕ್ರೋಸೆಕೆಂಡ್ ಅಂತರದಲ್ಲಿ ಎರಡೂ ಸೆನ್ಸರ್‌ಗೆ ಸುಳ್ಳು ಪೆಲೆಟ್ ತೋರಿಸಿದೆ. ಸೆನ್ಸರ್ ಅಂತರ 70 ಮಿಲಿಮೀಟರ್ ಅಂತ ಮ್ಯಾನ್ಯುಯಲ್ ಹೇಳುತ್ತದೆ, ಹಾಗಾಗಿ 175 ಬರಬೇಕು. ಕರಾರುವಾಕ್ಕಾಗಿ 175 ಬಂತು. ಗಡಿಯಾರ ಸರಿ ಇದೆ, ಹಾಗಾದರೆ ಅಂತರವೇ ತಪ್ಪು. ಕ್ರೋನೋ ಡಬ್ಬಿ ಬಿಚ್ಚಿ ವರ್ನಿಯರ್ ಅಳತೆಗೋಲು ಹಿಡಿದರೆ 65! ಒಂದು ಸೆನ್ಸರಿನ ಕಾಲು ಬಾಗಿ ಒಳಗೆ ವಾಲಿತ್ತು. 70ನ್ನು 65ರಿಂದ ಭಾಗಿಸಿ ನೋಡಿ, 188 ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಕಾಲು ನೆಟ್ಟಗೆ ಮಾಡಿ ಹಾಟ್ ಗ್ಲೂ ಹಾಕಿದೆ. ಈಗ 173-175. ಆರ್ಡುಯಿನೋ, ಮೈಕ್, ಎಲ್‌ಇಡಿ, ವ್ಯರ್ಥವಾದ ಪೆಲೆಟ್ ಎಲ್ಲ ಸೇರಿ ಎರಡೂವರೆ ಸಾವಿರ ದಾಟಿಲ್ಲ.

ಕೊಡಗಿನ ಗೆಳೆಯರೊಬ್ಬರು ತಮ್ಮ ಲೈಸೆನ್ಸ್ ಇರುವ .22 ರೈಫಲ್‌ಗೂ ಇದನ್ನೇ 50 ಮೀಟರ್‌ನಲ್ಲಿ ಮಾಡಿಸಿದರು. ಸ್ಟ್ಯಾಂಡರ್ಡ್ ಮ್ಯಾಚ್ ಗುಂಡಿಗೆ ಚೆನ್ನಾಗಿ ಬಂತು. ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ವೇಗ, ಅದರ ಚಟಾರ್ ಸದ್ದು ಗನ್ನಿನ ಸದ್ದಿಗಿಂತ ಮೊದಲೇ ಮೈಕ್ ಮುಟ್ಟಿ ಗೊಂದಲ ಮಾಡಿತು. ಅದಕ್ಕೆ ಮೂತಿಯ ಹತ್ತಿರ ಎರಡನೇ ಮೈಕ್ ಇಟ್ಟು ನೋಡಬೇಕು ಅಂತಿದ್ದೇನೆ. ಅಷ್ಟರೊಳಗೆ ನಿಮ್ಮ ಕ್ರೋನೋ ಮೇಲೆ ಅನುಮಾನ ಇದ್ದರೆ ತನ್ನಿ, ಒಂದು ಮಧ್ಯಾಹ್ನ ಸಾಕು. ಪೆಲೆಟ್ ಮಾತ್ರ ನಿಮ್ಮದೇ ಇರಲಿ, ದಿನಾ ಹೊಡೆಯುವ ಅದೇ ಡಬ್ಬಿಯದು.