ಕಾಂಡೋಮ್ ಬಿಡುವ ಮುಂಚೆ ನಾವಿಬ್ಬರೂ ಮಾಡಿಸಿದ ಟೆಸ್ಟುಗಳು

ಟೆಸ್ಟಿಗೆ ಹೋಗುವ ಮುಂಚೆ ನಾವಿಬ್ಬರೂ ಕ್ಯಾಲೆಂಡರ್ ಹಿಡಿದು ಕೂತೆವು. ನಮ್ಮ ಮದುವೆ ಗೊತ್ತಾಗಿತ್ತು. ಇಬ್ಬರಿಗೂ ಇದು ಮೊದಲ ಸಂಬಂಧ ಅಲ್ಲ, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಕಾಂಡೋಮ್ ನಿಲ್ಲಿಸೋಣವಾ ಎಂಬ ಮಾತು ಬಂದಾಗ, ಇಬ್ಬರೂ ಲೈಂಗಿಕ ಸಂಬಂಧದಿಂದ ಹರಡುವ ಸೋಂಕುಗಳ ಟೆಸ್ಟ್ ಮಾಡಿಸಿಕೊಂಡೇ ನಿಲ್ಲಿಸಬೇಕು ಎಂದು ನಾನು ಹಟ ಹಿಡಿದೆ. ಕ್ಯಾಲೆಂಡರ್ ಯಾಕೆ ಅಂದ್ರೆ, ಸೋಂಕು ತಗುಲಿದ ಮಾರನೇ ದಿನವೇ ಅದು ಯಾವ ಟೆಸ್ಟಿನಲ್ಲೂ ಕಾಣುವುದಿಲ್ಲ. ಇದಕ್ಕೆ ವಿಂಡೋ ಪೀರಿಯಡ್ ಅಂತಾರೆ. ಎಚ್‌ಐವಿಗೆ ಲ್ಯಾಬಿನಲ್ಲಿ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟಾದರೆ 45 ದಿನ, ಬೆರಳಿಗೆ ಚುಚ್ಚಿ ಮಾಡುವ ರಾಪಿಡ್ ಟೆಸ್ಟಾದರೆ 90 ದಿನ ಕಳೆದಿರಬೇಕು, ಆಗಲೇ ನೆಗೆಟಿವ್ ಎಂಬುದನ್ನು ನಂಬಬಹುದು. ಸಿಫಿಲಿಸ್‌ಗೂ 90 ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಕ್ಲಮೀಡಿಯಾ, ಗೊನೋರಿಯಾಕ್ಕೆ ಎರಡು ವಾರ ಸಾಕು. ಅವನ ಹಿಂದಿನ ಸಂಬಂಧ ಮುಗಿದು ತೀರಾ ಜಾಸ್ತಿ ಸಮಯ ಆಗಿರಲಿಲ್ಲ. ಹಾಗಾಗಿ ಕಾದೆವು.

ಎಚ್‌ಐವಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋದೆವು. ದುಡ್ಡು ಕೊಡಬೇಕಾಗಿಲ್ಲ. ಅಲ್ಲಿದ್ದ ಆಪ್ತಸಮಾಲೋಚಕಿ ನಮ್ಮನ್ನು ಮೊದಲು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿದರು, ಒಪ್ಪಿಗೆಗೆ ಸಹಿ ಹಾಕಿಸಿಕೊಂಡರು. "ರಿಸಲ್ಟ್ ನಿಮ್ಮದು ನಿಮಗೆ ಮಾತ್ರ. ಜೊತೆಗೆ ಕೇಳಬೇಕು ಅಂದ್ರೆ ಇಬ್ಬರೂ ಹೇಳಬೇಕಮ್ಮಾ" ಎಂದರು. 2017ರ ಎಚ್‌ಐವಿ ಕಾಯ್ದೆಯಲ್ಲೇ ಇದು ಇದೆ: ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ರಿಸಲ್ಟ್ ಹೊರಗೆ ಬಿಡುವಂತಿಲ್ಲ. ನಾವು ಇಬ್ಬರೂ ಒಪ್ಪಿ, ಒಟ್ಟಿಗೇ ಕೇಳಿಸಿಕೊಂಡೆವು. ಇಬ್ಬರದೂ ನೆಗೆಟಿವ್. ಸಿಫಿಲಿಸ್‌ಗೆ ವಿಡಿಆರ್‌ಎಲ್ ಎಂಬ ರಕ್ತಪರೀಕ್ಷೆ ಕೂಡ ಅದೇ ಆಸ್ಪತ್ರೆಯಲ್ಲಿ ಆಯಿತು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹೇಳಬೇಕಾಗಿರುವುದೇ ಇದರ ಮುಂದಿನದು.

ಒಂದು ಖಾಸಗಿ ಲ್ಯಾಬಿನಲ್ಲಿ "ಮದುವೆಗೆ ಮುಂಚಿನ ಪ್ಯಾಕೇಜ್" ಅಂತ ಪಟ್ಟಿ ತೋರಿಸಿದರು. ರಕ್ತದ ಗುಂಪು, ಶುಗರ್, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲಾ ಇತ್ತು. ಕ್ಲಮೀಡಿಯಾ, ಗೊನೋರಿಯಾ ಇರಲಿಲ್ಲ. ಕೇಳಿದರೆ ಕೌಂಟರಿನಲ್ಲಿದ್ದವರು ದೊಡ್ಡ ದನಿಯಲ್ಲಿ ಒಳಗಿನವರನ್ನು ವಿಚಾರಿಸಿದರು, ಸುತ್ತ ಕೂತವರೆಲ್ಲ ತಿರುಗಿ ನೋಡಿದರು. ನಾವು ಎದ್ದು ಬಂದೆವು. ಆಮೇಲೆ ಚರ್ಮ ಮತ್ತು ಗುಪ್ತರೋಗ ತಜ್ಞರ ಹತ್ತಿರ ಹೋದೆವು. ಈ ವಿಷಯಕ್ಕೆ ಅವರೇ ಸರಿಯಾದ ಡಾಕ್ಟರು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಸೋಂಕುಗಳಿಗೇ ಸುರಕ್ಷಾ ಕ್ಲಿನಿಕ್ ಕೂಡ ಇರುತ್ತದೆ.

ಡಾಕ್ಟರ್ ನೇರವಾಗಿ ಕೇಳಿದರು, ಬಾಯಿಯ ಮೂಲಕವೂ ಸಂಬಂಧ ಇದೆಯಾ ಎಂದು. ಗಂಟಲಲ್ಲಿರುವ ಗೊನೋರಿಯಾ ಮೂತ್ರದ ಟೆಸ್ಟಿನಲ್ಲಿ ಸಿಗುವುದಿಲ್ಲ, ಅದಕ್ಕೆ ಗಂಟಲಿನ ಸ್ವ್ಯಾಬ್ ಬೇರೆ ತೆಗೆಯಬೇಕು. ಅವನಿಗೆ ಮೂತ್ರದ ನ್ಯಾಟ್ ಟೆಸ್ಟ್, ಅಂದರೆ ರೋಗಾಣುವಿನ ಜೀನುಗಳನ್ನು ಹುಡುಕುವ ಟೆಸ್ಟ್ ಬರೆದರು. ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು, ಮೊದಲು ಬರುವ ಸ್ವಲ್ಪವನ್ನೇ ಡಬ್ಬಿಯಲ್ಲಿ ಹಿಡಿಯಬೇಕು. ಸಾಮಾನ್ಯ ಮೂತ್ರ ಪರೀಕ್ಷೆಗೆ ಮಧ್ಯದ್ದು ಹಿಡಿಯುತ್ತೇವಲ್ಲಾ, ಇದು ಅದಕ್ಕೆ ಉಲ್ಟಾ. ಹೆಂಗಸರಿಗೆ ಯೋನಿಯ ಸ್ವ್ಯಾಬ್ ಮೂತ್ರಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ನಾನು ಅದನ್ನೇ ಕೊಟ್ಟೆ. ಖರ್ಚು ಸಾವಿರಗಳಲ್ಲೇ ಆಗುತ್ತದೆ, ಅದು ನಿಜ.

ನನ್ನ ಕ್ಲಮೀಡಿಯಾ ಪಾಸಿಟಿವ್ ಬಂತು. ಅವನದು ನೆಗೆಟಿವ್. ನನಗೆ ಉರಿ ಇರಲಿಲ್ಲ, ಬಿಳಿಮುಟ್ಟು ಜಾಸ್ತಿ ಇರಲಿಲ್ಲ, ನೋವೂ ಇರಲಿಲ್ಲ. ಯಾವತ್ತಿನಿಂದ ಇತ್ತೋ ಹೇಳಲು ಆಗುವುದಿಲ್ಲ. ಯಾರಿಂದ ಬಂತು ಎಂದು ಹುಡುಕುತ್ತಾ ಕೂತರೆ ಮನಸ್ಸು ಕೆಡುತ್ತದೆಯೇ ಹೊರತು ಬೇರೇನೂ ಸಿಗುವುದಿಲ್ಲ. ಹಾಗೇ ಬಿಟ್ಟಿದ್ದರೆ ಅದು ಗರ್ಭನಾಳಗಳಿಗೆ ಏರಿ, ಮುಂದೆ ಮಕ್ಕಳಾಗುವುದಕ್ಕೇ ತೊಂದರೆ ಕೊಡಬಹುದಿತ್ತು. ಅಷ್ಟು ದೊಡ್ಡ ತೊಂದರೆಗೆ ಔಷಧಿ ಮಾತ್ರ ಸಣ್ಣದು: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಬರೆಯುವ ಮುಂಚೆ ಕೊನೆಯ ಮುಟ್ಟು ಯಾವಾಗ ಆಯಿತು ಎಂದು ಕೇಳಿದರು, ಏಕೆಂದರೆ ಬಸುರಿಯಾಗಿದ್ದರೆ ಬೇರೆ ಔಷಧಿ ಕೊಡಬೇಕು. ತುಂಬಿದ ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡಬಹುದು. ನೆಗೆಟಿವ್ ಬಂದಿದ್ದರೂ ಅವನಿಗೂ ಅದೇ ಕೋರ್ಸ್ ಕೊಟ್ಟರು. ಆ 7 ದಿನ ಸಂಬಂಧವೇ ಬೇಡ ಎಂದರು.

ಮತ್ತೆ ಟೆಸ್ಟ್ ಮೂರು ತಿಂಗಳಿಗೆ. ತುಂಬಾ ಬೇಗ ಮಾಡಿಸಿದರೆ ಸತ್ತ ರೋಗಾಣುಗಳ ಚೂರುಗಳೇ ಪಾಸಿಟಿವ್ ತೋರಿಸಬಹುದು. ಅಲ್ಲಿಯವರೆಗೂ ಕಾಂಡೋಮ್ ಇರಲಿ ಎಂದು ನಾವೇ ತೀರ್ಮಾನ ಮಾಡಿದೆವು. ಮರುಪರೀಕ್ಷೆ ನೆಗೆಟಿವ್ ಬಂತು.

ಎಲ್ಲವನ್ನೂ ಟೆಸ್ಟಿನಲ್ಲಿ ಹಿಡಿಯಲು ಆಗುವುದಿಲ್ಲ, ಇದು ಗೊತ್ತಿರಲಿ. ಎಚ್‌ಪಿವಿಗೆ, ಅಂದರೆ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್ಸಿಗೆ, ಗಂಡಸರಲ್ಲಿ ವಾಡಿಕೆಯ ಟೆಸ್ಟ್ ಇಲ್ಲ. ನಾನು ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಸ್ಮಿಯರ್ ಮಾಡಿಸಿದೆ. ಹುಣ್ಣು, ಗುಳ್ಳೆ ಏನೂ ಇಲ್ಲದವರಿಗೆ ಹರ್ಪಿಸ್ ರಕ್ತಪರೀಕ್ಷೆ ಗೊಂದಲವನ್ನೇ ಜಾಸ್ತಿ ಮಾಡುತ್ತದೆ ಎಂದು ಡಾಕ್ಟರ್ ಅದನ್ನು ಬರೆಯಲಿಲ್ಲ. ಹೆಪಟೈಟಿಸ್ ಬಿ ಇಬ್ಬರಿಗೂ ಇರಲಿಲ್ಲ, ಆದರೆ ಚಿಕ್ಕವರಿದ್ದಾಗ ಲಸಿಕೆಯೂ ಆಗಿರಲಿಲ್ಲ. ಹಾಗಾಗಿ ಲಸಿಕೆ ಶುರು ಮಾಡಿದೆವು: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಇನ್ನೊಂದು ವಿಷಯ, ಕಾಂಡೋಮ್ ಬಿಟ್ಟರೆ ಗರ್ಭನಿರೋಧಕವೂ ಹೋಯಿತಲ್ವಾ. ಎಮರ್ಜೆನ್ಸಿ ಮಾತ್ರೆಯನ್ನು ನಂಬಿ ಕೂರಬೇಡಿ, ಅದು ದಿನನಿತ್ಯಕ್ಕಲ್ಲ, ಸೋಂಕನ್ನಂತೂ ತಡೆಯುವುದೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್ ಟಿ, ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಎಲ್ಲಾ ಉಚಿತ. ನಾನು ಛಾಯಾ ಆರಿಸಿಕೊಂಡೆ. ಮುಟ್ಟಾದ ಮೊದಲ ದಿನ ಶುರು, ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮರುಪರೀಕ್ಷೆಗೆ ಕಾಯುತ್ತಿದ್ದಾಗಲೇ ಶುರು ಮಾಡಿದ್ದರಿಂದ ಆಮೇಲೆ ಮತ್ತೆ ಕಾಯುವುದು ತಪ್ಪಿತು.

ಇಬ್ಬರ ನಡುವೆ ಒಂದು ಮಾತೂ ಆಗಿದೆ. ಯಾರದಾದರೂ ಕಡೆಯಿಂದ ಹೊರಗೆ ಏನಾದರೂ ಆದರೆ ಅವತ್ತೇ ಹೇಳಬೇಕು. ಹೇಳಿದವರ ಜೊತೆ ಜಗಳ ಆಮೇಲೆ, ಮೊದಲು ಆಸ್ಪತ್ರೆ. ಎಚ್‌ಐವಿ ತಡೆಯುವ ಪಿಇಪಿ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಮೇಲೆ ಕಾಂಡೋಮ್ ಮತ್ತೆ ಶುರು, ಕ್ಯಾಲೆಂಡರಿನ ಲೆಕ್ಕವೂ ಮತ್ತೆ ಮೊದಲಿನಿಂದ. ಕೇಳಲು ಯಾರೂ ಇಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಾಯವಾಣಿ ಅದು, ಕರೆ ಉಚಿತ.