ಚೆಂಡು ನಿಲ್ಲಬಾರದು: ಪ್ರದರ್ಶನಕ್ಕೆ ಲೆಗೊ ಯಂತ್ರ ಕಟ್ಟಿದ ನನ್ನ ಅನುಭವ

ನನ್ನ ಯಂತ್ರ ಮಾಡುವ ಕೆಲಸ ಇಷ್ಟೇ. ಎಡಗಡೆಯ ಬುಟ್ಟಿಗೆ ಬಿದ್ದ ಪುಟ್ಟ ಪ್ಲಾಸ್ಟಿಕ್ ಚೆಂಡುಗಳನ್ನು ಎತ್ತಿ ಬಲಗಡೆಯವರ ಬುಟ್ಟಿಗೆ ಸುರಿಯುವುದು. ಅವರ ಯಂತ್ರ ಅದನ್ನು ಪಕ್ಕದವರಿಗೆ ಕೊಡುತ್ತದೆ. ಹೀಗೆ ಬೇರೆ ಬೇರೆ ಜನ ಲೆಗೊ ಅನ್ನುವ ಆಟಿಕೆ ಇಟ್ಟಿಗೆಗಳಿಂದ ಕಟ್ಟಿದ ಯಂತ್ರಗಳು ಮೇಜುಗಳ ಮೇಲೆ ಸಾಲಾಗಿ ಕೂತು, ಅದೇ ಚೆಂಡುಗಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಸುತ್ತಿಸುತ್ತಾ ಇರುತ್ತವೆ. ಇದಕ್ಕೆ ಗ್ರೇಟ್ ಬಾಲ್ ಕಾಂಟ್ರಾಪ್ಶನ್ ಅಂತ ಹೆಸರು. ಕಟ್ಟುವವರ ಬಾಯಲ್ಲಿ ಬರೀ ಜಿಬಿಸಿ. ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ. ಆದರೂ ಜನ ಬಂದು ನಿಂತರೆ ಕದಲುವುದಿಲ್ಲ.

ನಾನಿರುವುದು ಷಿಕಾಗೋ ಹತ್ತಿರ. ಇಲ್ಲಿಗೆ ಸಮೀಪದ ಶಾಂಬರ್ಗ್‌ನಲ್ಲಿ ಜೂನ್ ತಿಂಗಳಲ್ಲಿ ಬ್ರಿಕ್‌ವರ್ಲ್ಡ್ ಅನ್ನುವ ಲೆಗೊ ಪ್ರದರ್ಶನ ನಡೆಯುತ್ತದೆ. ಮೊದಲು ಮಗಳನ್ನು ಕರೆದುಕೊಂಡು ಸುಮ್ನೆ ನೋಡಲು ಹೋಗುತ್ತಿದ್ದೆ. ಆಮೇಲೆ ಅವಳಿಗೆ ಆಸಕ್ತಿ ಕಡಿಮೆಯಾಯಿತು, ನನಗೆ ಜಾಸ್ತಿಯಾಯಿತು. ಈಗ ಜನರನ್ನು ತಡೆಯುವ ಹಗ್ಗದ ಆ ಕಡೆ, ಯಂತ್ರ ಕಟ್ಟಿ ತಂದು ನಿಲ್ಲುವವರಲ್ಲಿ ನಾನೂ ಒಬ್ಬ.

ಜಿಬಿಸಿಗೆ ಒಂದು ಒಪ್ಪಂದವಿದೆ. ಇಂಡಿಯಾನಾದ ಸ್ಟೀವ್ ಹ್ಯಾಸನ್‌ಪ್ಲಗ್ ಮತ್ತು ಅವರ ಗೆಳೆಯರು 2005ರ ಸುಮಾರಿಗೆ ಮಾಡಿಕೊಂಡದ್ದು. ಲೆಗೊ ಕಂಪನಿ 2006ರಲ್ಲಿ ಮೈಂಡ್‌ಸ್ಟಾರ್ಮ್ಸ್ ಎನ್‌ಎಕ್ಸ್‌ಟಿ ರೋಬೋಟ್ ಕಿಟ್ ಹೊರತರುವ ಮುಂಚೆ ಗುಟ್ಟಾಗಿ ಸಲಹೆ ಕೇಳಿದ ನಾಲ್ವರು ಹವ್ಯಾಸಿಗಳಲ್ಲಿ ಇವರೂ ಒಬ್ಬರು. ಒಪ್ಪಂದ ಬಹಳ ಸರಳ. ಚೆಂಡು ಬಂದು ಬೀಳುವ ಬುಟ್ಟಿಯ ಹೊರ ಅಳತೆ 10ಕ್ಕೆ 10 ಸ್ಟಡ್ (ಲೆಗೊ ಇಟ್ಟಿಗೆಯ ಮೇಲಿನ ಉಬ್ಬು ಗುಂಡಿಗೆ ಸ್ಟಡ್ ಅನ್ನುತ್ತಾರೆ). ಅದರ ಅಂಚು 10 ಇಟ್ಟಿಗೆ ಎತ್ತರ ಮೀರಬಾರದು. ಚೆಂಡು ಎಡದಿಂದ ಬಂದು ಬಲಕ್ಕೆ ಹೋಗಬೇಕು. ಸರಾಸರಿ ಸೆಕೆಂಡಿಗೆ ಒಂದು ಚೆಂಡು ಸಾಗಿಸಬೇಕು. ಒಂದೇ ಸಲ ರಾಶಿ ಸುರಿಯುವುದಾದರೆ 30 ಮೀರಬಾರದು. ಬುಟ್ಟಿಗೂ ಬುಟ್ಟಿಗೂ ನಡುವೆ ನೀವು ಏನು ಬೇಕಾದರೂ ಮಾಡಿ, ಕೇಳುವವರಿಲ್ಲ. ಸ್ಕ್ರೂ ತಿರುಗಿಸಿ, ರೈಲು ಓಡಿಸಿ, ರೋಬೋಟ್ ಕೈ ಇಡಿ. ಜಪಾನಿನ ಅಕಿಯುಕಿ ಅನ್ನುವವರು ಕಟ್ಟಿದ ಯಂತ್ರಗಳನ್ನು ಒಮ್ಮೆ ವಿಡಿಯೊದಲ್ಲಾದರೂ ನೋಡಿ. ಇದೇ ಚಿಕ್ಕ ನಿಯಮದೊಳಗೆ ಎಷ್ಟು ದೂರ ಹೋಗಬಹುದು ಅಂತ ಗೊತ್ತಾಗುತ್ತದೆ.

ಆ ಸೆಕೆಂಡಿಗೆ ಒಂದು ಅನ್ನುವ ನಿಯಮ ಓದುವಾಗ ಏನೂ ಅನ್ನಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ 3,600 ಚೆಂಡು. ಎಂಟು ಗಂಟೆ ಓಡಿದರೆ 28,800. ಸಾವಿರಕ್ಕೆ ಒಂದು ಸಲ ಮಾತ್ರ ಸಿಕ್ಕಿಕೊಳ್ಳುವ ಯಂತ್ರ ಮನೆಯಲ್ಲಿ ನೋಡಿದರೆ ಅದ್ಭುತವಾಗಿ ಕಾಣುತ್ತದೆ. ಪ್ರದರ್ಶನದಲ್ಲಿ ಅದೇ ಯಂತ್ರ ಹೆಚ್ಚುಕಡಿಮೆ ಹದಿನೇಳು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಅದು ನಿಂತರೆ ಎಡಗಡೆಯವರ ಚೆಂಡು ಉಕ್ಕಿ ಚೆಲ್ಲುತ್ತದೆ, ಬಲಗಡೆಯವರು ಖಾಲಿ ಕೂರುತ್ತಾರೆ. ನೀವು ಇಡೀ ದಿನ ಬಗ್ಗಿಕೊಂಡೇ ಇರುತ್ತೀರಿ. ಚಲಿಸುವ ಯಂತ್ರ ಕಟ್ಟುವುದು ನನಗೆ ಒಂದು ವಾರಾಂತ್ಯದ ಕೆಲಸ. ಅದು ನಿಲ್ಲದಂತೆ ಮಾಡುವುದಕ್ಕೆ ಇಡೀ ಚಳಿಗಾಲ ಬೇಕು.

ಹಾಗಾಗಿ ನಾನು ಕಟ್ಟಲು ಶುರು ಮಾಡುವುದು ಬುಟ್ಟಿಯಿಂದ. ನೋಡುವವರ ಕಣ್ಣು ಅದರ ಮೇಲೆ ಹೋಗುವುದೇ ಇಲ್ಲ, ಆದರೆ ಯಂತ್ರದ ಹಣೆಬರಹ ಅಲ್ಲೇ ತೀರ್ಮಾನವಾಗುತ್ತದೆ. ಚೆಂಡಿನ ಅಡ್ಡಳತೆ ಸುಮಾರು 14 ಮಿಲಿಮೀಟರ್. ಒಂದು ಸ್ಟಡ್‌ನಿಂದ ಮುಂದಿನ ಸ್ಟಡ್‌ಗೆ 8 ಮಿಲಿಮೀಟರ್. ಅಂದರೆ ಎರಡು ಸ್ಟಡ್ ಅಗಲದ ಕಾಲುವೆಯಲ್ಲಿ ಒಂದು ಚೆಂಡು ಎರಡು ಮಿಲಿಮೀಟರ್ ಸಡಿಲದೊಂದಿಗೆ ಆರಾಮಾಗಿ ಉರುಳುತ್ತದೆ. ತೊಂದರೆ ಇರುವುದು ಆ ಕಾಲುವೆಯ ಬಾಯಲ್ಲಿ. ಎರಡು ಚೆಂಡು ಒಟ್ಟಿಗೆ ಬಂದು ಒಂದಕ್ಕೊಂದು ಆತುಕೊಂಡರೆ ಕಮಾನು ಕಟ್ಟಿಕೊಳ್ಳುತ್ತದೆ. ಹಿಂದಿನವು ತಳ್ಳಿದಷ್ಟೂ ಅದು ಇನ್ನಷ್ಟು ಗಟ್ಟಿ. ಇಳಿಜಾರು ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅದರಿಂದ ಕಮಾನು ಬೇಗ ಕಟ್ಟುತ್ತದೆ, ಅಷ್ಟೇ. ಮದ್ದು ಒಂದೇ: ಬಾಯಿಯ ಹತ್ತಿರ ಯಾವುದಾದರೂ ಒಂದು ಗೋಡೆಯೋ ನೆಲವೋ ಸದಾ ಅಲುಗಾಡುತ್ತಿರಬೇಕು.

ಅದಕ್ಕೇ ನಾನು ಸ್ಟೆಪರ್ ಬಳಸುತ್ತೇನೆ. ಮೆಟ್ಟಿಲುಗಳು ಒಂದು ಬಿಟ್ಟು ಒಂದು ಮೇಲೆ ಕೆಳಗೆ ಆಡುತ್ತವೆ. ಚೆಂಡು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಉರುಳುತ್ತಾ ಹತ್ತುತ್ತದೆ. ಮೊದಲ ಮೆಟ್ಟಿಲೇ ಬುಟ್ಟಿಯ ನೆಲದ ಒಂದು ಭಾಗವಾದ್ದರಿಂದ ರಾಶಿ ತಾನಾಗಿ ಕಲಕುತ್ತಿರುತ್ತದೆ. ಕಮಾನು ಕಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಜಿಬಿಸಿಯಲ್ಲಿ ಇದು ತೀರಾ ಹಳೆಯ ಉಪಾಯ. ಹಳೆಯದು ಅಂತ ಮೂಗು ಮುರಿಯುವವರೂ ಇದ್ದಾರೆ. ಮಧ್ಯಾಹ್ನ ಮೂರು ಗಂಟೆಗೆ ಅವರ ಯಂತ್ರವನ್ನೂ ನನ್ನ ಯಂತ್ರವನ್ನೂ ನೋಡಿ ಅಂತ ನಾನು ಹೇಳುತ್ತೇನೆ.

ಸ್ಟೆಪರ್ ನಂತರ ರೋಬೋಟ್ ಭಾಗ. ಚೆಂಡುಗಳು ಒಂದೊಂದಾಗಿ ಒಂದು ತೊಟ್ಟಿಗೆ ಬೀಳುತ್ತವೆ. 15 ಆದ ತಕ್ಷಣ ಸ್ಟೆಪರ್ ನಿಲ್ಲುತ್ತದೆ, ತೊಟ್ಟಿ ಕಂಬದ ಮೇಲೆ ಏರುತ್ತದೆ, ತುದಿಯಲ್ಲಿ ಬಾಗಿ ಸುರಿಯುತ್ತದೆ, ಮತ್ತೆ ಇಳಿಯುತ್ತದೆ. ತುಮಕೂರು ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಇದನ್ನು ತುಂಬಾ ಹೊತ್ತು ನೋಡಿ, "ಇದು ಕಪಿಲೆ ಅಲ್ವೇನಪ್ಪಾ?" ಅಂದರು. ಹೌದಲ್ವಾ! ಎತ್ತುಗಳು ಬಾವಿಯಿಂದ ಚರ್ಮದ ಚೀಲ ಎಳೆದು ತರುತ್ತಿದ್ದ ಕಪಿಲೆಯಲ್ಲೂ ನೀರು ಹೀಗೆಯೇ ಕಂತು ಕಂತಾಗಿ ಬರುತ್ತಿತ್ತು. ಅಲ್ಲಿ ಚೀಲದ ಬಾಲ ಬಿಚ್ಚಲು ಇನ್ನೊಂದು ಹಗ್ಗ. ನನ್ನಲ್ಲಿ ಕಂಬದ ತುದಿಗೆ ಒಂದು ಗೂಟ. ತೊಟ್ಟಿಯ ಹಿಂಬದಿ ಅದಕ್ಕೆ ತಗುಲಿ ತಾನಾಗಿ ಬಾಗುತ್ತದೆ. ಸುರಿಯಲು ಬೇರೆ ಮೋಟರ್ ಇಲ್ಲ. ಮೋಟರ್ ಒಂದು ಕಡಿಮೆಯಾದರೆ ಕೆಡುವ ಜಾಗವೂ ಒಂದು ಕಡಿಮೆ.

ವೇಗದ ಲೆಕ್ಕವನ್ನು ಕಾಗದದ ಮೇಲೆ ಮೊದಲೇ ಮಾಡಿಕೊಳ್ಳಬೇಕು. ಸ್ಟೆಪರ್ ಸೆಕೆಂಡಿಗೆ ಎರಡು ಚೆಂಡು ಕೊಟ್ಟರೆ 15 ತುಂಬಲು 7.5 ಸೆಕೆಂಡ್. ಏರಲು 3, ಸುರಿಯಲು 1, ಇಳಿಯಲು 2. ಒಟ್ಟು 13.5. ನಿಯಮದ ಪ್ರಕಾರ 15 ಸೆಕೆಂಡ್ ಇದೆ, ಒಂದೂವರೆ ಉಳಿಯಿತು. ಸಾಕು ಅನ್ನಿಸಬಹುದು. ಆದರೆ ಎಡಗಡೆಯವರು ಒಂದೇ ಸಲ 30 ಸುರಿಯುವವರಾದರೆ? ಗೋಡೆಗಳನ್ನು ಬಿಟ್ಟರೆ ಬುಟ್ಟಿಯ ಒಳಗೆ 8ಕ್ಕೆ 8 ಸ್ಟಡ್, ಅಂದರೆ 64 ಮಿಲಿಮೀಟರ್ ಚೌಕದ ಜಾಗ. ಒಂದು ಪದರದಲ್ಲಿ ನಾಲ್ಕಕ್ಕೆ ನಾಲ್ಕು, 16 ಚೆಂಡು ಹಿಡಿಸುತ್ತವೆ. 30 ಬಂದರೆ ಎರಡು ಪದರ. ಆ ಹೊತ್ತಿಗೆ ನನ್ನ ತೊಟ್ಟಿ ಮೇಲಿದ್ದರೆ ಹಳೆಯ ಬಾಕಿಯೂ ಬುಟ್ಟಿಯಲ್ಲೇ ಇರುತ್ತದೆ. ಹಾಗಾಗಿ ಬುಟ್ಟಿ ಆಳವಾಗಿರಬೇಕು, ನಾಲ್ಕೈದು ಪದರ ನಿಲ್ಲುವಷ್ಟು. ಪಕ್ಕದವರು ಯಾರು ಅಂತ ಪ್ರದರ್ಶನದ ಹಿಂದಿನ ದಿನದವರೆಗೆ ಗೊತ್ತಾಗದೆ ಇರಬಹುದು. ಅತಿ ಕೆಟ್ಟ ನೆರೆಯವರೇ ಸಿಗುತ್ತಾರೆ ಅಂದುಕೊಂಡು ಕಟ್ಟುವುದು ಕ್ಷೇಮ.

ಮಿದುಳಿಗೆ ನಾನು ಬಳಸುವುದು 2020ರ ಮೈಂಡ್‌ಸ್ಟಾರ್ಮ್ಸ್ ರೋಬೋಟ್ ಇನ್ವೆಂಟರ್ ಕಿಟ್‌ನ ಹಬ್, ಅಂದರೆ ಮೋಟರ್, ಸೆನ್ಸರ್ ಜೋಡಿಸುವ ಪುಟ್ಟ ಕಂಪ್ಯೂಟರ್. 1998ರಲ್ಲಿ ಆರ್‌ಸಿಎಕ್ಸ್ ಅನ್ನುವ ಇಂಥದೇ ಮಿದುಳಿನಿಂದ ಶುರುವಾದ ಆ ಸರಣಿಯನ್ನು ಲೆಗೊ 2022ರ ಕೊನೆಗೆ ನಿಲ್ಲಿಸಿಬಿಟ್ಟಿತು. ನನಗೆ ಇದು ಈಗಲೂ ಬೇಜಾರು. ಸದ್ಯಕ್ಕೆ ಪೈಬ್ರಿಕ್ಸ್ ಅನ್ನುವ ಮುಕ್ತ ತಂತ್ರಾಂಶ ಇದೆ. ಅದನ್ನು ಹಬ್‌ಗೆ ಹಾಕಿದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯಬಹುದು. ಪ್ರೋಗ್ರಾಂ ಹಬ್ ಒಳಗೇ ಉಳಿಯುತ್ತದೆ. ಫೋನ್ ಬೇಡ, ಲ್ಯಾಪ್‌ಟಾಪ್ ಬೇಡ, ಗುಂಡಿ ಒತ್ತಿದರೆ ಯಂತ್ರ ಶುರು. ನೂರಾರು ಫೋನ್‌ಗಳ ನಡುವೆ ಬ್ಲೂಟೂತ್ ನಂಬಿಕೊಂಡು ಪ್ರದರ್ಶನಕ್ಕೆ ಹೋಗುವ ಧೈರ್ಯ ನನಗಿಲ್ಲ.

ಕೋಡ್ ಚಿಕ್ಕದು. ಆದರೆ ಎರಡು ಸಾಲುಗಳ ಬಗ್ಗೆ ಹೇಳಲೇಬೇಕು. ಮೊದಲನೆಯದು ಸೊನ್ನೆ ಹುಡುಕುವುದು. ತೊಟ್ಟಿ ಪ್ರತಿ ಸಲ ಇಳಿದಾಗಲೂ ಕೆಳಗಿನ ತಡೆಗೆ ಮುಟ್ಟಿ ಮೋಟರ್ ಮುಂದೆ ತಿರುಗಲಾರದೆ ನಿಲ್ಲುವವರೆಗೆ ಮೆಲ್ಲಗೆ ಇಳಿಸುತ್ತೇನೆ. ಅಲ್ಲಿ ಸೊನ್ನೆ ಅಂತ ಗುರುತು. ಮೋಟರ್ ತನ್ನ ತಿರುಗುವಿಕೆಯನ್ನು ಡಿಗ್ರಿ ಲೆಕ್ಕದಲ್ಲಿ ಅಳೆಯುತ್ತದೆ ನಿಜ. ಆದರೆ ತೊಟ್ಟಿಯನ್ನು ಎಳೆಯುವ ಚೈನ್ ಒಂದು ಹಲ್ಲು ಜಾರಿದರೆ ಮೋಟರ್‌ಗೆ ಹೇಗೆ ಗೊತ್ತಾಗಬೇಕು? ಎರಡನೆಯದು, ದಾರಿ ಮಧ್ಯೆ ಮೋಟರ್ ತಿರುಗಲಾರದೆ ನಿಂತರೆ ಏನು ಮಾಡಬೇಕು ಅನ್ನುವುದು. ಸ್ವಲ್ಪ ಹಿಂದೆ ಬಾ, ಮತ್ತೆ ಪ್ರಯತ್ನಿಸು. ಮತ್ತೂ ಆಗದಿದ್ದರೆ ಎಲ್ಲ ನಿಲ್ಲಿಸಿ ಹಬ್‌ನ 5ಕ್ಕೆ 5 ದೀಪಗಳಲ್ಲಿ ಅಡ್ಡ ಗುರುತು ತೋರಿಸು. ಬೀಪ್ ಶಬ್ದ ಹಾಕಿ ಪ್ರಯೋಜನವಿಲ್ಲ, ಆ ಗದ್ದಲದಲ್ಲಿ ಕೇಳಿಸುವುದಿಲ್ಲ.

ಚೆಂಡು ಎಣಿಸುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಒತ್ತುವ ಸೆನ್ಸರ್ ಆಗುವುದಿಲ್ಲ, ಅದನ್ನು ಒತ್ತುವಷ್ಟು ತೂಕ ಚೆಂಡಿಗಿಲ್ಲ. ಬಣ್ಣದ ಸೆನ್ಸರ್ ಆಗುತ್ತದೆ. ಆದರೆ ಹಾಲ್‌ನ ಬೆಳಕು ಮನೆಯ ಬೆಳಕಲ್ಲ. ಹತ್ತಿರ ಯಾರೋ ಫ್ಲ್ಯಾಶ್ ಹಾಕಿ ಫೋಟೊ ತೆಗೆಯುತ್ತಾರೆ, ಇನ್ಯಾರೋ ಬಗ್ಗಿ ನೆರಳು ಹಾಕುತ್ತಾರೆ. ಅದಕ್ಕೆ ಸೆನ್ಸರ್ ಅನ್ನು ಕಪ್ಪು ಇಟ್ಟಿಗೆಗಳ ಪುಟ್ಟ ಸುರಂಗದೊಳಗೆ ಕೂರಿಸಿದ್ದೇನೆ. ಚೆಂಡು ಅದರ ಮೂಗಿನ ಹತ್ತಿರವೇ ಹಾದುಹೋಗುತ್ತದೆ. ಜೊತೆಗೆ ಒಂದು ಗಡುವು: ಕೊನೆಯ ಚೆಂಡು ಬಂದು ಕೆಲವು ಸೆಕೆಂಡ್ ಆದರೂ ಇನ್ನೊಂದು ಬರದಿದ್ದರೆ, 15 ಆಗಿರಲಿ ಬಿಡಲಿ, ತೊಟ್ಟಿ ಹೊರಟುಬಿಡುತ್ತದೆ. ಕಡಿಮೆ ಎಣಿಸಿದರೆ ತೊಟ್ಟಿ ಉಕ್ಕುತ್ತದೆ ಅನ್ನುವ ಭಯಕ್ಕೆ ತೊಟ್ಟಿಯನ್ನೇ 20 ಹಿಡಿಯುವಂತೆ ಮಾಡಿದ್ದೇನೆ.

ಗೇರ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ಗೇರ್ ಕೂರುವ ಕಡ್ಡಿ, ಅಂದರೆ ಆಕ್ಸಲ್‌ಗೆ ಎರಡೂ ಕಡೆ ಆಸರೆ ಇರಲೇಬೇಕು. ಒಂದೇ ಕಡೆ ಹಿಡಿದರೆ ಭಾರಕ್ಕೆ ಬಾಗುತ್ತದೆ, ರಂಧ್ರ ಸವೆಯುತ್ತದೆ, ಸಂಜೆ ಹೊತ್ತಿಗೆ ಕೆಳಗೆ ಸಣ್ಣ ಪ್ಲಾಸ್ಟಿಕ್ ಪುಡಿ ಬಿದ್ದಿರುತ್ತದೆ. ಆಕ್ಸಲ್ ಜರುಗದಂತೆ ಹಿಡಿಯುವ ಪುಟ್ಟ ಬಳೆ, ಅಂದರೆ ಬುಶ್ ಅನ್ನು ರಂಧ್ರಗಳಿರುವ ಪಟ್ಟಿಗೆ (ಬೀಮ್) ಅಂಟಿಸಿ ಒತ್ತಬಾರದು, ಕಾಗದದಷ್ಟು ಸಂದು ಬಿಡಬೇಕು. ಇನ್ನು ಬಿಳಿ ಬಣ್ಣದ 24 ಹಲ್ಲಿನ ಕ್ಲಚ್ ಗೇರ್. ಅಳತೆ ಮೀರಿ ಒತ್ತಡ ಬಂದರೆ ಅದು ಒಳಗೇ ಜಾರುತ್ತದೆ, ಮುಂದಿನ ಭಾಗಗಳು ಮುರಿಯುವುದಿಲ್ಲ. ಸ್ಟೆಪರ್‌ಗೆ ಇದು ಹಾಕದೆ ನಾನು ಎಲ್ಲಿಗೂ ಹೋಗುವುದಿಲ್ಲ. ಜಾರುವಾಗ ಕಟಕಟ ಸದ್ದು ಬರುತ್ತದೆ. ಯಾರದೋ ಜೊತೆ ಮಾತಾಡುತ್ತಾ ಬೆನ್ನು ತಿರುಗಿಸಿದ್ದರೂ ಆ ಸದ್ದಿಗೆ ಕೈ ತಾನಾಗಿ ಸ್ವಿಚ್ ಕಡೆ ಹೋಗುತ್ತದೆ.

ಮನೆಯಲ್ಲಿ ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಸುರಿಯುವ ಜಾಗ ಬುಟ್ಟಿಗಿಂತ ಎತ್ತರದಲ್ಲಿರುತ್ತದೆ. ಒಂದು ಇಳಿಜಾರು ಕಾಲುವೆ ಕಟ್ಟಿ ಹೊರಬಂದ ಚೆಂಡನ್ನು ವಾಪಸ್ ಬುಟ್ಟಿಗೆ ಬಿಟ್ಟರೆ ಯಂತ್ರ ತನ್ನನ್ನೇ ಉಣ್ಣಿಸಿಕೊಳ್ಳುತ್ತದೆ. ಬೇಸ್‌ಮೆಂಟ್‌ನಲ್ಲಿ ಹಾಗೆ ಬಿಟ್ಟು ಮೇಲೆ ಊಟಕ್ಕೆ ಹೋಗುತ್ತೇನೆ. ಫೋನ್ ಅನ್ನು ಸ್ಟ್ಯಾಂಡ್‌ಗೆ ಹಾಕಿ ವಿಡಿಯೊ ಓಡಲು ಬಿಟ್ಟಿರುತ್ತೇನೆ. ಬಂದು ನೋಡಿದಾಗ ನಿಂತಿದ್ದರೆ ಊಹೆ ಮಾಡುವುದು ಬೇಕಿಲ್ಲ, ವಿಡಿಯೊ ಹಿಂದೆ ಓಡಿಸಿದರೆ ಯಾವ ಚೆಂಡು ಎಲ್ಲಿ ಕೂತಿತು ಅಂತ ಕಾಣುತ್ತದೆ. ಹೆಚ್ಚಿನ ಸಲ ಕಾರಣ ಚಿಕ್ಕದು. ಎರಡು ಪ್ಲೇಟ್ (ತೆಳ್ಳನೆಯ ಲೆಗೊ ಇಟ್ಟಿಗೆ) ಸೇರುವ ಕಡೆ ಕೂದಲೆಳೆಯಷ್ಟು ಅಂಚು ಎದ್ದಿರುತ್ತದೆ. ಅಲ್ಲಿಗೆ ಸ್ಟಡ್ ಇಲ್ಲದ ನುಣುಪು ಟೈಲ್ ಒಂದನ್ನು ಸಂದಿನ ಮೇಲೆ ಹಾಕಿದರೆ ಆಯಿತು.

ಪ್ರದರ್ಶನದ ದಿನ ಬೇರೆಯೇ ಲೋಕ. ಮೇಜುಗಳು ಸಮ ಇರುವುದಿಲ್ಲ. ಎರಡು ಮೇಜು ಸೇರುವಲ್ಲಿ ನನ್ನ ಯಂತ್ರ ಬಂದರೆ ಕೆಳಗೆ ಪ್ಲೇಟ್ ತುಂಡುಗಳನ್ನು ಇಟ್ಟು ಮಟ್ಟ ಮಾಡುತ್ತೇನೆ. ಒಂದು ಪ್ಲೇಟ್ ಅಂದರೆ 3.2 ಮಿಲಿಮೀಟರ್, ಮಟ್ಟ ಮಾಡಲು ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಕಂಬವನ್ನು ಮನೆಯಲ್ಲೇ ಬಿಚ್ಚಿ ಬೇರೆ ಡಬ್ಬದಲ್ಲಿ ತರುತ್ತೇನೆ. ಅದು ನಾಲ್ಕು ಪಿನ್‌ಗಳಲ್ಲಿ ಕೂರುತ್ತದೆ. ಸ್ಟೆಪರ್ ಕೂಡ ಹಾಗೇ, ಎಳೆದರೆ ಪೂರ್ತಿ ಹೊರಗೆ ಬರುತ್ತದೆ. ಇನ್ನೊಂದು ಸ್ಟೆಪರ್ ಡಬ್ಬದಲ್ಲಿ ರೆಡಿ ಇರುತ್ತದೆ. ಜನರ ಮುಂದೆ ಕೂತು ರಿಪೇರಿ ಮಾಡುವ ಬದಲು ಬದಲಿ ಹಾಕಿ, ಕೆಟ್ಟದ್ದನ್ನು ಮೇಜಿನ ಹಿಂದೆ ನಿಧಾನವಾಗಿ ನೋಡಬಹುದು.

ಮಕ್ಕಳ ಕೈ ತಡೆಯಲು ಆಗುವುದಿಲ್ಲ, ತಡೆಯುವ ಆಸೆಯೂ ನನಗಿಲ್ಲ. ಮುಂದೆ ಪಾರದರ್ಶಕ ಪ್ಯಾನೆಲ್‌ಗಳ ಗಿಡ್ಡ ಗೋಡೆ ಇದೆ. ಅದು ಚೆಂಡು ನೆಲಕ್ಕೆ ಹಾರದಿರಲಿ ಅಂತ. ನೆಲದ ಮೇಲಿನ ಚೆಂಡನ್ನು ಯಾರಾದರೂ ತುಳಿದರೆ ಜಾರಿ ಬೀಳುತ್ತಾರೆ. ಒಮ್ಮೆ ಬುಟ್ಟಿಯಲ್ಲಿ ಪಾಪ್‌ಕಾರ್ನ್ ಸಿಕ್ಕಿತು. ಸ್ಟೆಪರ್ ಅದನ್ನೂ ಭಕ್ತಿಯಿಂದ ಮೇಲೆ ಹತ್ತಿಸಿತ್ತು.

ಜನರನ್ನು ಹಿಡಿದು ನಿಲ್ಲಿಸಲು ನನಗೆ ಗೊತ್ತಿರುವ ಉಪಾಯ ಅಂದರೆ ರಾಶಿಯಲ್ಲಿ ಬೇರೆ ಬಣ್ಣದ ಒಂದೇ ಒಂದು ಚೆಂಡು ಬಿಡುವುದು. ಮಗುವಿಗೆ ಅದನ್ನು ತೋರಿಸಿ "ಇದು ಎಲ್ಲಿಗೆ ಹೋಗುತ್ತೆ ನೋಡು" ಅಂದರೆ ಸಾಕು, ಇಡೀ ಸುತ್ತು ಅದರ ಹಿಂದೆ ನಡೆಯುತ್ತದೆ. ಹಿಂದೆ ಅಪ್ಪ ಅಮ್ಮ. ಒಬ್ಬೊಬ್ಬರ ಯಂತ್ರದ ಮುಂದೆಯೂ ನಿಂತು ನೋಡುತ್ತಾರೆ. ಎಲ್ಲಿಯಾದರೂ ಆ ಚೆಂಡು ಬುಟ್ಟಿಯ ತಳದಲ್ಲಿ ಸಿಕ್ಕಿಕೊಂಡರೆ ಕಟ್ಟಿದವರಿಗಿಂತ ಮೊದಲು ಮಕ್ಕಳೇ ಕೂಗುತ್ತಾರೆ.

ಬೆಂಗಳೂರಿನ ಗೆಳೆಯರು ಫೋನ್ ಮಾಡಿ ಶುರು ಮಾಡಲು ಎಷ್ಟು ಖರ್ಚು ಅಂತ ಕೇಳುತ್ತಾರೆ. ರೋಬೋಟ್ ಹಬ್ ಮೊದಲೇ ಬೇಡ ಅನ್ನುತ್ತೇನೆ. ಒಂದು ಹಳೆಯ ಮೋಟರ್, ಒಂದು ಬ್ಯಾಟರಿ ಡಬ್ಬ, ಮಕ್ಕಳು ಬಿಟ್ಟುಹೋದ ಇಟ್ಟಿಗೆ ಡಬ್ಬ ಇದ್ದರೆ ಸ್ಟೆಪರ್ ಆಗುತ್ತದೆ. 8 ಹಲ್ಲಿನ ಗೇರ್‌ನಿಂದ 40 ಹಲ್ಲಿನದಕ್ಕೆ, ಅಲ್ಲಿಂದ ಮತ್ತೊಮ್ಮೆ 8ರಿಂದ 40ಕ್ಕೆ ಇಳಿಸಿದರೆ ವೇಗ 25ರಲ್ಲಿ ಒಂದು ಪಾಲಾಗುತ್ತದೆ, ಬಲ ಬೇಕಾದಷ್ಟು ಸಿಗುತ್ತದೆ. ಆರು ಮಾಮೂಲಿ ಸೆಲ್ ಹಾಕಿದರೆ 9 ವೋಲ್ಟ್, ಚಾರ್ಜ್ ಮಾಡುವ ಸೆಲ್ ಹಾಕಿದರೆ ಸುಮಾರು 7.2. ಆ ವ್ಯತ್ಯಾಸಕ್ಕೂ ವೇಗ ಬದಲಾಗುತ್ತದೆ, ಕಡಿಮೆ ವೋಲ್ಟ್‌ನಲ್ಲೇ ಲೆಕ್ಕ ಹಾಕಿ. ಚೆಂಡುಗಳನ್ನು ಮಾತ್ರ ಬೇಕು ಅನ್ನಿಸಿದ್ದಕ್ಕಿಂತ ಜಾಸ್ತಿ ತರಿಸಿಕೊಳ್ಳಿ. ಸೋಫಾ ಕೆಳಗೆ ಅರ್ಧ ಹೋಗುತ್ತವೆ.