ಅಲರ್ಜಿ ಪೆನ್ನಿಗೆ ಇನ್ಶೂರೆನ್ಸ್ ದುಡ್ಡು ಬಂದದ್ದು ಹೀಗೆ

ನನ್ನ ಮಗನಿಗೆ ಕಡ್ಲೆಕಾಯಿ ಆಗುವುದಿಲ್ಲ. ಸುಮ್ನೆ ಮೈ ತುರಿಸಿ ಹೋಗುವ ಅಲರ್ಜಿ ಅಲ್ಲ ಇದು. ಪಿತ್ತಗಂಧೆ ಏಳುತ್ತದೆ, ತುಟಿ ಊದಿಕೊಳ್ಳುತ್ತದೆ, ವಾಂತಿಯಾಗುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಡಾಕ್ಟರು ಇದಕ್ಕೆ ಅನಫಿಲ್ಯಾಕ್ಸಿಸ್ ಅನ್ನುತ್ತಾರೆ. ನಾವಿರುವುದು ಮಂಡ್ಯದಲ್ಲಿ. ಇಲ್ಲಿ ಚಿತ್ರಾನ್ನ, ಪುಳಿಯೋಗರೆ, ಹೋಟೆಲ್ ಚಟ್ನಿ, ಸಂಕ್ರಾಂತಿಯ ಎಳ್ಳುಬೆಲ್ಲ, ಯಾವುದರಲ್ಲಿ ಕಡ್ಲೆಬೀಜ ಇರಲ್ಲ ಹೇಳಿ? ಅದಕ್ಕೇ ಅಡ್ರಿನಲಿನ್ ಆಟೋ-ಇಂಜೆಕ್ಟರ್, ಅಂದರೆ ತೊಡೆಗೆ ಒತ್ತಿದರೆ ತಾನೇ ಚುಚ್ಚಿ ಔಷಧಿ ಬಿಡುವ ಪೆನ್ನು, ಅವನ ಜೊತೆ ಯಾವಾಗಲೂ ಇರಬೇಕು. ಎರಡು ಪೆನ್ನಿಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಆ ದುಡ್ಡಿನ ಬಹುಪಾಲನ್ನು ನಮ್ಮ ಹೆಲ್ತ್ ಇನ್ಶೂರೆನ್ಸ್ ಕೊಟ್ಟಿತು. ಬೇರೆ ಅಪ್ಪ-ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪಾಲಿಸಿ ಪುಸ್ತಕ ಎಷ್ಟು ಹುಡುಕಿದರೂ ಈ ಪೆನ್ನಿನ ಹೆಸರು ಸಿಗುವುದಿಲ್ಲ. ನಮ್ಮ ಮಾಮೂಲಿ ಪಾಲಿಸಿಗಳು ಆಸ್ಪತ್ರೆ ಖರ್ಚಿಗೆ ಮಾಡಿದವು. ಕನಿಷ್ಠ 24 ಗಂಟೆ ಅಡ್ಮಿಟ್ ಆಗಿರಬೇಕು. ಆದರೆ ಅದರ ಜೊತೆಗೇ ಇನ್ನೊಂದು ಸಾಲು ಇರುತ್ತದೆ, ಅದನ್ನು ಜಾಸ್ತಿ ಜನ ಓದುವುದೇ ಇಲ್ಲ. ಅಡ್ಮಿಟ್ ಆಗುವ ಮುಂಚಿನ 30 ದಿನ ಮತ್ತು ಡಿಸ್ಚಾರ್ಜ್ ಆದ ಮೇಲಿನ 60 ದಿನದಲ್ಲಿ ಅದೇ ಕಾಯಿಲೆಗೆ ಆದ ಖರ್ಚನ್ನೂ ಕೇಳಬಹುದು. 2020ರಲ್ಲಿ ಬಂದ, ಎಲ್ಲ ಕಂಪನಿಯಲ್ಲೂ ಒಂದೇ ಥರ ಇರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಇದೇ ಲೆಕ್ಕ. ಡಾಕ್ಟರು ಬರೆದುಕೊಟ್ಟ ಔಷಧಿ ಈ 60 ದಿನದೊಳಗೆ ಬರುತ್ತದೆ. ನಾನು ಹಿಡಿದುಕೊಂಡದ್ದು ಈ ಸಾಲನ್ನೇ.

ಇಲ್ಲೊಂದು ತೊಡಕಿದೆ. ಅನಫಿಲ್ಯಾಕ್ಸಿಸ್ ಆಗಿ ಕ್ಯಾಶುವಾಲ್ಟಿಗೆ ಹೋದರೆ ಅಡ್ರಿನಲಿನ್ ಕೊಟ್ಟು, ಕೆಲವು ಗಂಟೆ ನೋಡಿಕೊಂಡು, ಎಲ್ಲ ಸರಿಯಿದ್ದರೆ ಮನೆಗೆ ಕಳಿಸುತ್ತಾರೆ. 24 ಗಂಟೆ ತುಂಬುವುದಿಲ್ಲ, ಕ್ಲೇಮ್ ಇಲ್ಲ. ನನ್ನ ಮಗನಿಗೆ ಹೀಗಾದ ದಿನ, ಸಂಜೆ ಮತ್ತೆ ಕಾಣಿಸಿಕೊಂಡಿತು. ಹೀಗೆ ಎರಡನೇ ಸಲ ತಿರುಗಿ ಬರುವುದುಂಟು, ಅದಕ್ಕೇ ಅಷ್ಟು ಹೊತ್ತು ಕಾಯಿಸುವುದು. ಹಾಗಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡು, ಮರುದಿನವೂ ಇಟ್ಟುಕೊಂಡರು. ಇನ್ಶೂರೆನ್ಸ್‌ಗೋಸ್ಕರ ಇನ್ನೊಂದು ದಿನ ಇಟ್ಟುಕೊಳ್ಳಿ ಅಂತ ಯಾರೂ ಕೇಳಬೇಡಿ. ಅದು ತಪ್ಪು, ಆ ಹಾಸಿಗೆ ಬೇರೆ ಮಗುವಿಗೆ ಬೇಕಿರುತ್ತದೆ.

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಅಲ್ಲೇ ಕುಳಿತು ಪೂರ್ತಿ ಓದಿ. ನಮಗೆ ಮೊದಲು ಕೊಟ್ಟ ಪ್ರತಿಯಲ್ಲಿ 'ಅಲರ್ಜಿಕ್ ರಿಯಾಕ್ಷನ್, ಟಿ78.4' ಅಂತ ಇತ್ತು. ಪ್ರತಿ ಕಾಯಿಲೆಗೂ ಇಂಥ ಒಂದು ಕೋಡ್ ಇರುತ್ತದೆ. ಟಿ78.4 ಅಂದರೆ ಯಾವುದೋ ಒಂದು ಅಲರ್ಜಿ, ಅಷ್ಟೇ. ಟಿ78.0 ಅಂದರೆ ಆಹಾರದಿಂದ ಆದ ಅನಫಿಲ್ಯಾಕ್ಸಿಸ್. ಜೇನುಹುಳ, ಕಣಜ ಕಚ್ಚಿ ಆದರೆ ಟಿ63.4 ಬರುತ್ತದೆ. ಕಬ್ಬಿನ ಗದ್ದೆ, ತೆಂಗಿನ ತೋಟದಲ್ಲಿ ಕೆಲಸ ಮಾಡುವವರ ಮನೆಯವರು ಇದನ್ನೂ ನೆನಪಿಟ್ಟುಕೊಳ್ಳಿ. ನಾನು ಡ್ಯೂಟಿ ಡಾಕ್ಟರ ಹತ್ತಿರ ಹೋಗಿ, 'ಸರ್, ಅಡ್ರಿನಲಿನ್ ಎರಡು ಸಲ ಕೊಟ್ಟಿದ್ದೀರಿ, ಇಲ್ಲಿ ಬರೀ ಅಲರ್ಜಿ ಅಂತ ಇದೆ' ಅಂದೆ. ಅವರು ಕೇಸ್ ಶೀಟ್ ತಿರುವಿ ನೋಡಿ, ಏನೂ ತಕರಾರು ಮಾಡದೆ ತಿದ್ದಿಸಿದರು. ಕೊನೆಯ ಪುಟದ ಔಷಧಿಗಳ ಪಟ್ಟಿಯಲ್ಲಿ 'ಅಡ್ರಿನಲಿನ್ ಆಟೋ-ಇಂಜೆಕ್ಟರ್ 0.3 ಮಿಲಿಗ್ರಾಂ, 2, ಸದಾ ಜೊತೆಯಲ್ಲಿರಬೇಕು' ಅಂತಲೂ ಬರೆಸಿಕೊಂಡೆ. 15ರಿಂದ 30 ಕೆಜಿ ತೂಕದ ಮಕ್ಕಳಿಗೆ 0.15 ಮಿಲಿಗ್ರಾಂ ಪೆನ್ನು, ಅದಕ್ಕಿಂತ ಜಾಸ್ತಿ ಇದ್ದರೆ 0.3. ನನ್ನ ಮಗ 30 ದಾಟಿದ್ದಾನೆ. ಈ ಪ್ರಮಾಣ ಚೀಟಿಯಲ್ಲೂ ಬಿಲ್ಲಿನಲ್ಲೂ ಒಂದೇ ಇರಬೇಕು.

ಪೆನ್ನು ತರಿಸುವುದೇ ದೊಡ್ಡ ಕೆಲಸ. ಮಂಡ್ಯ ಇರಲಿ, ಮೈಸೂರಿನ ದೊಡ್ಡ ಮೆಡಿಕಲ್ ಸ್ಟೋರ್‌ಗಳಲ್ಲೂ ನನಗೆ ಸಿಗಲಿಲ್ಲ. ಸ್ವಂತ ಉಪಯೋಗಕ್ಕೆ ಹೊರದೇಶದಿಂದ ಔಷಧಿ ತರಿಸಲು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಗೆ ಫಾರ್ಮ್ 12ಎ ಯಲ್ಲಿ ಅರ್ಜಿ ಹಾಕಬೇಕು, ಅವರು 12ಬಿ ಯಲ್ಲಿ ಅನುಮತಿ ಕೊಡುತ್ತಾರೆ. ಅರ್ಜಿ ಆನ್‌ಲೈನ್. ಡಾಕ್ಟರ ಚೀಟಿ ಬೇಕೇ ಬೇಕು. ಅಮೆರಿಕದಿಂದ ಬರುವ ನೆಂಟರು ಬ್ಯಾಗಿನಲ್ಲಿ ತಂದುಕೊಡುತ್ತೇವೆ ಅಂದರು. ಆದರೆ ಅಲ್ಲಿನ ಅಂಗಡಿಯ ಬಿಲ್ಲನ್ನು ನಮ್ಮ ಕಂಪನಿ ಒಪ್ಪುವುದಿಲ್ಲ ಅಂತ ಏಜೆಂಟ್ ಮೊದಲೇ ಹೇಳಿದ್ದರು. ಅದಕ್ಕೆ ಆಮದು ಮಾಡಿಕೊಡುವ, ಲೈಸೆನ್ಸ್ ಇರುವ ಒಂದು ಫಾರ್ಮಸಿ ಮೂಲಕ ತರಿಸಿದೆ. ಮಗನ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಇರುವ ಜಿಎಸ್‌ಟಿ ಬಿಲ್ ಸಿಕ್ಕಿತು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ, 60 ದಿನ ಬೇಗ ಕರಗುತ್ತದೆ. ಡಿಸ್ಚಾರ್ಜ್ ಆದ ವಾರವೇ ಅರ್ಜಿ ಹಾಕಿ.

ಪೆನ್ನು ಬರುವ ತನಕ ಏನು? ಡಾಕ್ಟರು 1 ಮಿಲಿಯ ಅಡ್ರಿನಲಿನ್ ಆಂಪೂಲ್ (ಕತ್ತು ಮುರಿದು ಔಷಧಿ ಎಳೆಯುವ ಪುಟ್ಟ ಗಾಜಿನ ಸೀಸೆ) ಮತ್ತು ಸಿರಿಂಜ್ ಕೊಟ್ಟು, ಎಷ್ಟು ಗೆರೆಯ ತನಕ ಎಳೆಯಬೇಕು, ತೊಡೆಯ ಹೊರಬದಿಯಲ್ಲಿ ಎಲ್ಲಿ ಚುಚ್ಚಬೇಕು ಅಂತ ನನ್ನ ಕೈಯಲ್ಲೇ ಮಾಡಿಸಿ ಕಲಿಸಿದರು. ಅಡ್ರಿನಲಿನ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಆಂಪೂಲ್ ಬಲು ಅಗ್ಗ. ಪೆನ್ನಿನೊಳಗೆ ಇರುವುದೂ ಅದೇ ಔಷಧಿ. ಆದರೆ ಮಗು ಉಸಿರಿಗೆ ಒದ್ದಾಡುವಾಗ ಆಂಪೂಲ್ ಒಡೆದು ಅಳತೆಯಾಗಿ ಎಳೆಯಲು ಎಲ್ಲರಿಗೂ ಕೈ ಬರುವುದಿಲ್ಲ, ಅವನ ಸ್ಕೂಲ್ ಟೀಚರಿಗಂತೂ ಖಂಡಿತ ಇಲ್ಲ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಮೈ ಊದಿಕೊಂಡರೆ ಅವಿಲ್ ಅನ್ನುವ ಅಲರ್ಜಿ ಮಾತ್ರೆ ಕೊಟ್ಟು ಸುಮ್ಮನಾಗುವ ಅಭ್ಯಾಸ ಇದೆ. ಉಸಿರು ಕಟ್ಟುತ್ತಿದ್ದರೆ ಅವಿಲ್ ಜೀವ ಉಳಿಸಲ್ಲ. ಮೊದಲು ಅಡ್ರಿನಲಿನ್, ಕೂಡಲೇ 108.

ಕ್ಲೇಮ್ ಹಾಕಿದ ಮೇಲೆ ಟಿಪಿಎ, ಅಂದರೆ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯ ಕಡೆಯಿಂದ ಬಂದ ಉತ್ತರ: 'ಇದು ಉಪಕರಣ, ಪಾವತಿ ಸಾಧ್ಯವಿಲ್ಲ.' ಪಾಲಿಸಿಯ ಕೊನೆಯಲ್ಲಿ ದುಡ್ಡು ಕೊಡದ ವಸ್ತುಗಳ ಪಟ್ಟಿ ಇರುತ್ತದೆ. ನೆಬ್ಯುಲೈಜರ್ ಕಿಟ್, ಥರ್ಮಾಮೀಟರ್, ಸ್ಟೀಮ್ ಇನ್‌ಹೇಲರ್ ಎಲ್ಲ ಅದರಲ್ಲಿವೆ. ಪೆನ್ನನ್ನೂ ಆ ಗುಂಪಿಗೆ ಸೇರಿಸಿದ್ದರು. ನಾನು ಫೋನಿನಲ್ಲಿ ವಾದ ಮಾಡಲು ಹೋಗಲಿಲ್ಲ, ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಪತ್ರದಲ್ಲಿದ್ದದ್ದು ಇಷ್ಟೇ: 'ಇದು ಔಷಧಿ ತುಂಬಿದ, ಒಂದೇ ಸಲ ಬಳಸುವ ಇಂಜೆಕ್ಷನ್. ನಿಮ್ಮ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಔಷಧ ನಿಯಂತ್ರಣ ಸಂಸ್ಥೆ ಇದನ್ನು ಔಷಧಿ ಅಂತಲೇ ಅನುಮತಿಸಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದೆ, 60 ದಿನದೊಳಗೆ ಕೊಂಡಿದ್ದೇವೆ.' 12ಬಿ ಅನುಮತಿಯ ನಕಲು, ಡಾಕ್ಟರ ಒಂದು ಪತ್ರ ಜೊತೆಗಿಟ್ಟೆ. ಕೆಲಸ ಮಾಡಿದ್ದು ಆ ಅನುಮತಿ ಪತ್ರ ಅಂತಲೇ ನನ್ನ ನಂಬಿಕೆ. ಪೆನ್ನಿನ ದುಡ್ಡು ಬಂತು. ಕಸ್ಟಮ್ಸ್ ಸುಂಕ, ಕೊರಿಯರ್ ಖರ್ಚು ಕೊಡಲಿಲ್ಲ. ಒಪ್ಪದೇ ಇದ್ದಿದ್ದರೆ ಬೆಂಗಳೂರಿನಲ್ಲಿರುವ, ಕಂಪನಿಗಳ ಮೇಲಿನ ದೂರು ಕೇಳುವ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗಲು ಸಿದ್ಧಳಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಡ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು.

ಹೊಸದಾಗಿ ಪಾಲಿಸಿ ಮಾಡಿಸುವವರು ಅಲರ್ಜಿ ಇದೆ ಅಂತ ಫಾರ್ಮಿನಲ್ಲಿ ತಪ್ಪದೆ ಬರೆಯಿರಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಆ ತನಕ ಅದಕ್ಕೆ ಕ್ಲೇಮ್ ಸಿಗಲ್ಲ) 2024ರ ಏಪ್ರಿಲ್‌ನಿಂದ ಗರಿಷ್ಠ 3 ವರ್ಷ, ಮುಂಚೆ 4 ಇತ್ತು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಪಾಲಿಸಿಯೇ ಹೋಗಬಹುದು.

ನನಗೆ ಬೇಸರ ತರುವುದು ಮುಂದಿನ ವರ್ಷದ ವಿಚಾರ. ಈ ಪೆನ್ನುಗಳು ವರ್ಷ, ಒಂದೂವರೆ ವರ್ಷಕ್ಕೆ ಎಕ್ಸ್‌ಪೈರ್ ಆಗುತ್ತವೆ. ಆಗ ಮಗ ಅಡ್ಮಿಟ್ ಆಗಿರುವುದಿಲ್ಲ, ಆಗಲೂ ಬಾರದು. ಹಾಗಾಗಿ ಕ್ಲೇಮ್ ಇಲ್ಲ. ಐಸಿಯು ಬಿಲ್ ಕಟ್ಟಲು ತಯಾರಿರುವ ಪಾಲಿಸಿ, ಐಸಿಯು ತಪ್ಪಿಸುವ ಪೆನ್ನಿಗೆ ದುಡ್ಡು ಕೊಡಲ್ಲ ಅಂದರೆ ಅದು ನ್ಯಾಯ ಅಲ್ಲ. ಅಮೆರಿಕದಲ್ಲಿ 2007ರಲ್ಲಿ 100 ಡಾಲರ್ ಆಸುಪಾಸಿನಲ್ಲಿದ್ದ ಎಪಿಪೆನ್ (ಇಂಥದ್ದೇ ಪೆನ್ನಿನ ಒಂದು ಬ್ರ್ಯಾಂಡ್) ಜೋಡಿ 2016ರ ಹೊತ್ತಿಗೆ 600 ಡಾಲರ್ ಮುಟ್ಟಿ, ಜನ ಬೀದಿಗಿಳಿದು ಕೇಳಿದರು. ಇಲಿನಾಯ್ ರಾಜ್ಯ 2020ರಿಂದ ಮಕ್ಕಳ ಪೆನ್ನಿಗೆ ಇನ್ಶೂರೆನ್ಸ್ ಕೊಡಲೇಬೇಕು ಅಂತ ಕಾನೂನು ಮಾಡಿತು. ಇಲ್ಲೂ ಅಂಥದ್ದು ಬರಬೇಕು, ಅದಕ್ಕೆ ನಾವು ಕೇಳಬೇಕು.

ಸದ್ಯಕ್ಕೆ ನಾವು ರಿನ್ಯೂವಲ್‌ನಲ್ಲಿ ಒಪಿಡಿ, ಅಂದರೆ ಅಡ್ಮಿಟ್ ಆಗದೆ ಆಗುವ ಡಾಕ್ಟರ್, ಔಷಧಿ ಖರ್ಚಿಗೂ ದುಡ್ಡು ಕೊಡುವ ಸೌಲಭ್ಯ, ಸೇರಿಸಿದ್ದೇವೆ. ಸೇರಿಸುವ ಮುಂಚೆ ಕಂಪನಿಗೆ ಇಮೇಲ್ ಹಾಕಿ ಒಂದೇ ಪ್ರಶ್ನೆ ಕೇಳಿದೆ: ಡಾಕ್ಟರು ಬರೆದ, ಆಮದು ಮಾಡಿದ ಇಂಜೆಕ್ಷನ್ ಈ ಒಪಿಡಿಯ ಔಷಧಿ ಖರ್ಚಿನಲ್ಲಿ ಬರುತ್ತದೆಯೇ? ಬರುತ್ತದೆ, ವರ್ಷದ ಮಿತಿಯೊಳಗೆ, ಅಂತ ಬರವಣಿಗೆಯಲ್ಲೇ ಉತ್ತರ ಕೊಟ್ಟರು. ಆ ಇಮೇಲ್‌ನ ಪ್ರಿಂಟ್ ತೆಗೆದು, ಪೆನ್ನಿನ ಬಿಲ್ಲಿನ ಜೊತೆ ಫೈಲಿಗೆ ಹಾಕಿದ್ದೇನೆ.